ಕಥೆ ಬದಲಾದರೆ ಸಿನಿಮಾ ಮೋಸ ಮಾಡಿದ ಹಾಗಾ?

ಓದುಗರ ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದೇನೆ. ಇತ್ತೀಚೆಗೆ ‘ಗುಲಾಬಿ ಟಾಕೀಸು’ ಸಿನಿಮಾ ನೋಡಿದೆ. ತುಂಬಾ ಹಿಡಿಸಿತು. ಆಮೇಲೆ ವೈದೇಹಿಯವರ ಮೂಲ ಕಥೆ ಹುಡುಕಿ ಓದಿದೆ. ಅದೂ ಹಿಡಿಸಿತು. ಆದರೆ ಎರಡಕ್ಕೂ ಸಂಬಂಧವೇ ಇಲ್ಲ ಅನ್ನಿಸಿತು! ಕಥೆಯಲ್ಲಿ ಇದ್ದದ್ದು ಸಿನಿಮಾದಲ್ಲಿ ಇಲ್ಲ, ಸಿನಿಮಾದಲ್ಲಿ ಇದ್ದದ್ದು ಕಥೆಯಲ್ಲಿ ಇಲ್ಲ. ಹೀಗೆ ಬದಲಾಯಿಸುವುದು ಲೇಖಕರಿಗೆ ಮಾಡುವ ಮೋಸ ಅಲ್ವಾ? ಮೊದಲು ಪುಸ್ತಕ ಓದಬೇಕಾ, ಸಿನಿಮಾ ನೋಡಬೇಕಾ? ನೀವು ಇತ್ತೀಚೆಗೆ ಓದಿ, ನೋಡಿ ಮೆಚ್ಚಿದ್ದು ಯಾವುವು? ಹನ್ನೆರಡು ವರ್ಷದ ಮಗನಿಗೆ ಪುಸ್ತಕ ಎಂದರೆ ಆಗುವುದಿಲ್ಲ. ಅವನಿಗೂ ಏನಾದರೂ ಹೇಳಿ.

ಉತ್ತರ:

ನಿಮ್ಮ ಪ್ರಶ್ನೆ ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ಸಿನಿಮಾ ನೋಡಿ ಮೂಲ ಕಥೆ ಹುಡುಕಿಕೊಂಡು ಹೋಗುವವರು ಕಡಿಮೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡುವವರು ಇನ್ನೂ ಕಡಿಮೆ. ಸಿನಿಮಾ ರಸಗ್ರಹಣ ಶಿಬಿರಗಳಲ್ಲಿ ನಾನು ಪಾಠ ಮಾಡುವಾಗ ಜಾಸ್ತಿ ಹೊತ್ತು ನಿಲ್ಲುವುದೇ ಈ ಪ್ರಶ್ನೆಯ ಮೇಲೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಇಲ್ಲಿ ಮೋಸ ಆಗಿಲ್ಲ. ಕಥೆಯನ್ನು ಸಿನಿಮಾ ಮಾಡುವ ನಿರ್ದೇಶಕ ಮೊದಲಿಗೆ ಒಬ್ಬ ಓದುಗ. ನೀವು ಕಥೆ ಓದಿ ಮುಗಿಸಿದ ಮೇಲೆ ನಿಮ್ಮ ಮನಸ್ಸಿನಲ್ಲಿ ಒಂದು ಊರು, ಒಂದು ಮುಖ, ಒಂದು ಸಂಕಟ ಉಳಿಯುತ್ತದೆ. ನಿಮ್ಮ ಪಕ್ಕದವರು ಅದೇ ಕಥೆ ಓದಿದರೆ ಅವರಲ್ಲಿ ಬೇರೇನೋ ಉಳಿಯುತ್ತದೆ. ನಿರ್ದೇಶಕ ತನ್ನಲ್ಲಿ ಉಳಿದದ್ದನ್ನು ನಮಗೆ ತೋರಿಸುತ್ತಾನೆ. ಆದ್ದರಿಂದ ಸಿನಿಮಾ ನೋಡುವಾಗ ನಾವು ಇನ್ನೊಬ್ಬರ ಓದನ್ನು ನೋಡುತ್ತಿದ್ದೇವೆ. ಆ ಓದು ಚುರುಕಾಗಿದೆಯಾ, ಮಂಕಾಗಿದೆಯಾ ಎಂದು ಕೇಳಬಹುದು. ‘ಪುಸ್ತಕದಲ್ಲಿ ಇದ್ದ ಹಾಗೇ ಇದೆಯಾ’ ಎಂದು ಕೇಳಿದರೆ ಸಿಗುವ ಉತ್ತರದಿಂದ ಹೆಚ್ಚೇನೂ ಪ್ರಯೋಜನವಿಲ್ಲ.

ನಿಮ್ಮ ‘ಗುಲಾಬಿ ಟಾಕೀಸು’ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ವೈದೇಹಿಯವರ ಕಥೆಯಲ್ಲಿ ಪುಟ್ಟ ಊರೊಂದಕ್ಕೆ ಸಿನಿಮಾ ಟಾಕೀಸು ಬರುತ್ತದೆ. ಮನೆ, ಅಡುಗೆ, ಹೆರಿಗೆ ಎಂದು ನಾಲ್ಕು ಗೋಡೆಯೊಳಗೆ ಇದ್ದ ಹೆಂಗಸರಿಗೆ ಹೊರಗೆ ಹೋಗಲು ಒಂದು ನೆಪ ಸಿಗುತ್ತದೆ. ಕತ್ತಲಲ್ಲಿ ಕೂತು ಬೇರೆಯವರ ಬದುಕು ನೋಡುತ್ತಾ ತಮ್ಮ ಬದುಕಿಗೆ ಅಳುವ ಅವಕಾಶ ಸಿಗುತ್ತದೆ. ಊರಿನ ಸೂಲಗಿತ್ತಿ ಆ ಟಾಕೀಸಿನಲ್ಲಿ ಹೆಂಗಸರ ಬಾಗಿಲು ಕಾಯುವವಳಾಗುತ್ತಾಳೆ. ಊರಿನ ಹೆಂಗಸರೆಲ್ಲರ ಒಳಗುಟ್ಟು ಬಲ್ಲವಳು ಅವಳು. ಈಗ ಅವರ ಕನಸಿನ ಬಾಗಿಲೂ ಅವಳ ಕೈಯಲ್ಲಿ. ಎಷ್ಟು ಚೆಂದದ ಕಲ್ಪನೆ ನೋಡಿ.

ಗಿರೀಶ್ ಕಾಸರವಳ್ಳಿ 2008ರಲ್ಲಿ ಇದನ್ನು ಸಿನಿಮಾ ಮಾಡುವ ಹೊತ್ತಿಗೆ ಆ ಕಾಲ ಕಳೆದುಹೋಗಿತ್ತು. ಹೆಂಗಸರು ಮನೆ ಬಿಟ್ಟು ಟಾಕೀಸಿಗೆ ಬರುವ ಬದಲು ಸಿನಿಮಾವೇ ಮನೆಯೊಳಗೆ ಬಂದು ಕೂತಿತ್ತು. ಹಾಗಾಗಿ ಅವರು ಕಥೆಯನ್ನು 1990ರ ದಶಕದ ಕೊನೆಗೆ ತಂದರು. ಕುಂದಾಪುರದ ಕಡೆಯ ಮೀನುಗಾರರ ಕುದ್ರು, ಅಂದರೆ ನೀರಿನ ನಡುವಿನ ನಡುಗಡ್ಡೆ, ಅವರ ಊರಾಯಿತು. ಅವರ ಸೂಲಗಿತ್ತಿ ಗುಲಾಬಿ ಮುಸ್ಲಿಂ ಹೆಂಗಸು, ಗಂಡ ದೂರ ಮಾಡಿದವಳು, ದಿನಾ ಟಾಕೀಸಿಗೆ ಹೋಗುವ ಹುಚ್ಚು ಇರುವವಳು. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಬಣ್ಣದ ಟಿವಿ ಸಿಗುತ್ತದೆ, ಜೊತೆಗೆ ಡಿಶ್ ಆಂಟೆನಾ. ಅವಳ ಗುಡಿಸಲೇ ಟಾಕೀಸು ಆಗುತ್ತದೆ. ಆ ಟಿವಿಯಲ್ಲಿ ಧಾರಾವಾಹಿ ಬರುತ್ತದೆ, ಕಾರ್ಗಿಲ್ ಯುದ್ಧವೂ ಬರುತ್ತದೆ. ಹೊರಗೆ ದೊಡ್ಡ ದೋಣಿಯವರಿಗೂ ಸಣ್ಣ ಮೀನುಗಾರರಿಗೂ ಜಗಳ. ಆ ಜಗಳ ನಿಧಾನಕ್ಕೆ ಧರ್ಮದ ಬಣ್ಣ ಪಡೆಯುತ್ತದೆ. ಟಿವಿ ನೋಡಲು ಒಟ್ಟಿಗೆ ಕೂರುತ್ತಿದ್ದ ಹೆಂಗಸರು ದೂರವಾಗುತ್ತಾರೆ.

ಈಗ ಯೋಚಿಸಿ. ಎರಡರಲ್ಲೂ ಉಳಿದದ್ದು ಏನು? ಒಂದು ಪರದೆ ಊರಿಗೆ ಬಂದರೆ ಹೆಂಗಸರ ಬದುಕಿನಲ್ಲಿ ಏನಾಗುತ್ತದೆ ಎಂಬ ಪ್ರಶ್ನೆ. ಆ ಪ್ರಶ್ನೆ ವೈದೇಹಿಯವರದ್ದು. ಕಾಸರವಳ್ಳಿ ಅದನ್ನು ಹಾಗೇ ಇಟ್ಟುಕೊಂಡು, ಬೇರೆ ಕಾಲದಲ್ಲಿ ನಿಂತು ಮತ್ತೆ ಕೇಳಿದರು. ಕಥೆಯಲ್ಲಿ ಪರದೆ ಹೆಂಗಸರನ್ನು ಒಟ್ಟು ಮಾಡುತ್ತದೆ. ಸಿನಿಮಾದಲ್ಲಿ ಒಟ್ಟು ಮಾಡಿ ಆಮೇಲೆ ಒಡೆಯುವುದನ್ನೂ ನೋಡುತ್ತೇವೆ. ನನ್ನ ಮಟ್ಟಿಗೆ ಇದು ಬಹಳ ಗಂಭೀರವಾದ ಓದು. ಉಮಾಶ್ರೀಯವರಿಗೆ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅವರು ಸಿನಿಮಾ ನೋಡುತ್ತಾ ಕೂತಿರುವ ದೃಶ್ಯಗಳನ್ನು ಇನ್ನೊಮ್ಮೆ ನೋಡಿ. ತೆರೆಯ ಬೆಳಕು ಬಿದ್ದ ಆ ಮುಖದಲ್ಲಿ ವೈದೇಹಿಯವರ ಸೂಲಗಿತ್ತಿ ಪೂರ್ತಿಯಾಗಿ ಇದ್ದಾಳೆ.

ಹೀಗೆ ಬದಲಾಯಿಸುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ಎಂದರೆ ಎಲ್ಲರಿಗೂ ನೆನಪಾಗುವುದು ಕಾಶ ಹುಲ್ಲಿನ ಬಯಲಿನಲ್ಲಿ ಅಕ್ಕ ತಮ್ಮ ಓಡಿಹೋಗಿ ರೈಲು ನೋಡುವ ದೃಶ್ಯ. ಬಿಭೂತಿಭೂಷಣರ ಕಾದಂಬರಿಯಲ್ಲಿ ದುರ್ಗಾ ರೈಲು ನೋಡುವುದೇ ಇಲ್ಲ. ನೋಡದೆಯೇ ಸಾಯುತ್ತಾಳೆ. ಓದುವಾಗ ಆ ನೋವು ಬೇರೆ. ನೋಡುವಾಗ ಆ ಸಂಭ್ರಮ ಬೇರೆ. ನನಗೆ ಎರಡೂ ಬೇಕು. ಯಾವುದನ್ನೂ ಬಿಟ್ಟುಕೊಡಲಾರೆ.

ಲೇಖಕರಿಗೆ ಬೇಸರವಾಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ಸಿನಿಮಾ ಮಾಡಿದರು. ತ.ರಾ.ಸು. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ ಎನ್ನುವುದು ಸಿನಿಮಾ ಪ್ರಿಯರಿಗೆಲ್ಲ ಗೊತ್ತಿರುವ ವಿಷಯ. ಲೇಖಕರ ಆ ಬೇಸರಕ್ಕೆ ಅರ್ಥವಿದೆ. ಮೂರು ಪುಸ್ತಕದಲ್ಲಿ ನಿಧಾನವಾಗಿ ಬೆಳೆದ ರಾಮಾಚಾರಿ ಒಂದು ಸಿನಿಮಾದ ಅವಧಿಯಲ್ಲಿ ಬೆಳೆದು ಮುಗಿಯಬೇಕಾದರೆ ಏನೇನೋ ಉದುರಿಹೋಗುತ್ತದೆ. ಆದರೂ ಚಿತ್ರದುರ್ಗದ ಕೋಟೆಯನ್ನು ಆ ಸಿನಿಮಾದ ಕಣ್ಣಿಂದಲೇ ನೋಡುವವರು ಇವತ್ತಿಗೂ ಇದ್ದಾರೆ. ಅವರಲ್ಲಿ ಎಷ್ಟೋ ಜನ ಆಮೇಲೆ ಪುಸ್ತಕಕ್ಕೆ ಬಂದವರು.

ಇನ್ನು ಇತ್ತೀಚೆಗೆ ಮೆಚ್ಚಿದ್ದು. ಬಾನು ಮುಷ್ತಾಕ್ ಅವರ ಕಥೆಗಳನ್ನು ನಾನು ಮತ್ತೆ ಓದಿದೆ. ದೀಪಾ ಭಾಸ್ತಿ ಅನುವಾದಿಸಿದ ಅವರ ಹನ್ನೆರಡು ಕಥೆಗಳ ಸಂಕಲನ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಬಂದ ಮೇಲೆ ಎಲ್ಲ ಕಡೆ ಅವರ ಹೆಸರು ಕೇಳಿಬಂತು. ತುಂಬಾ ಒಳ್ಳೆಯದಾಯಿತು. ಆದರೆ ನಾವು ಕನ್ನಡದವರು. ಆ ಕಥೆಗಳು ಮೊದಲು ಹುಟ್ಟಿದ ಮಾತಿನಲ್ಲೇ ಅವನ್ನು ಓದುವ ಭಾಗ್ಯ ನಮಗಿದೆ. ಹಾಸನದ ಕಡೆಯ ಮಾತು, ಮನೆಯೊಳಗಿನ ದಖ್ಖನಿ ಉರ್ದು, ಅರ್ಜಿ ಬರೆಯುವವರ ಭಾಷೆ ಎಲ್ಲ ಅಲ್ಲಿ ಬೆರೆತಿದೆ. ದಯವಿಟ್ಟು ಕನ್ನಡದಲ್ಲೇ ಓದಿ.

ಆ ಸಂಕಲನದಲ್ಲಿ ‘ಕರಿ ನಾಗರಗಳು’ ಕಥೆಯೂ ಇದೆ. ಸಾಲಾಗಿ ಹೆಣ್ಣು ಮಕ್ಕಳಾದವು ಎಂದು ಆಟೋ ಓಡಿಸುವ ಗಂಡ ಹೆಂಡತಿಯನ್ನು ಬಿಡುತ್ತಾನೆ. ಆಕೆ ನ್ಯಾಯ ಕೇಳಿಕೊಂಡು ಮಸೀದಿಯ ಆಡಳಿತ ನೋಡುವ ಮುತವಲ್ಲಿಯ ಬಳಿಗೆ, ಮಸೀದಿಯ ಬಳಿಗೆ ಹೋಗುತ್ತಾಳೆ. ಇದೇ ಕಥೆಯಿಂದ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಮಾಡಿದರು. ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಬುಕರ್‌ಗೂ ಇಪ್ಪತ್ತು ವರ್ಷ ಮೊದಲೇ ಕನ್ನಡ ಸಿನಿಮಾ ಈ ಲೇಖಕಿಯನ್ನು ಗಂಭೀರವಾಗಿ ಓದಿತ್ತು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಎರಡನ್ನೂ ಒಂದರ ಹಿಂದೆ ಒಂದು ಇಟ್ಟುಕೊಂಡರೆ ಒಂದು ವಿಷಯ ಕಾಣುತ್ತದೆ. ಕಥೆಯಲ್ಲಿ ಸಿಟ್ಟು ಬಹಳ ಜೋರು. ಓಣಿಯ ಹೆಂಗಸರು ಮುತವಲ್ಲಿಗೆ ಹಾಕುವ ಶಾಪವೇ ಕಥೆಯ ಹೆಸರಾಗಿದೆ. ಆ ಶಾಪದ ಮಾತುಗಳನ್ನು ಓದುವಾಗ ಒಬ್ಬಳ ದುಃಖ ಇಡೀ ಓಣಿಯ ಸಿಟ್ಟಾಗುವುದು ಗೊತ್ತಾಗುತ್ತದೆ. ಸಿನಿಮಾ ಅಷ್ಟು ಜೋರಾಗಿ ಮಾತಾಡುವುದಿಲ್ಲ. ತಾರಾ ಅವರ ಹಸೀನಾ ಹಟ ಹಿಡಿದು ಕೂರುತ್ತಾಳೆ. ಆ ಕೂರುವುದೇ ಅವಳ ಮಾತು. ನನಗೆ ಕಥೆಯ ಸಿಟ್ಟು ಜಾಸ್ತಿ ಹತ್ತಿರ. ಆದರೆ ಸಿನಿಮಾದಲ್ಲಿ ಆ ಹೆಣ್ಣುಮಕ್ಕಳ ಮುಖ ನೋಡಿದ ಮೇಲೆ ಕಥೆಗೆ ವಾಪಸ್ ಹೋದರೆ, ಮೊದಲ ಸಲ ಓದುವಾಗ ಬೇಗ ದಾಟಿಹೋದ ಸಾಲುಗಳ ಮೇಲೆ ಕಣ್ಣು ನಿಲ್ಲುತ್ತದೆ. ಮಗುವಿನ ಹಸಿವು, ಚಳಿ, ಕಾಯಿಲೆ ಎಲ್ಲ ಅಲ್ಲಿ ಮೊದಲೇ ಇತ್ತು.

ಮೊದಲು ಯಾವುದು ಎಂಬ ಪ್ರಶ್ನೆಗೆ ಬರೋಣ. ಎಲ್ಲಕ್ಕೂ ಒಂದೇ ನಿಯಮ ಇಲ್ಲ. ಪುಸ್ತಕ ಹೇಗಿದೆ ಎಂದು ನೋಡಬೇಕು.

ಕಥೆಯ ಮುಖ್ಯ ಘಟನೆಗಳು ಒಬ್ಬ ಮನುಷ್ಯನ ತಲೆಯೊಳಗೆ ನಡೆಯುತ್ತಿದ್ದರೆ ಮೊದಲು ಓದಿ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಅಂಥದ್ದು. 1965ರ ಕಾದಂಬರಿ. ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪ ಸತ್ತಿದ್ದಾನೆ. ಶವಸಂಸ್ಕಾರ ಯಾರು ಮಾಡಬೇಕು ಎಂಬುದು ಹೊರಗಿನ ಪ್ರಶ್ನೆ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಮನಸ್ಸಿನಲ್ಲಿ ನಡೆಯುವುದೇ ನಿಜವಾದ ಕಥೆ. ಅದರಲ್ಲೂ ಅವರು ಅಗ್ರಹಾರ ಬಿಟ್ಟು ಹೊರಟ ಮೇಲಿನ ಭಾಗ. ಪುಟ್ಟ ಎಂಬ ವಾಚಾಳಿ ಜೊತೆಗೆ ಅಂಟಿಕೊಂಡು ಜಾತ್ರೆಯಲ್ಲಿ ತಿರುಗಾಡುವಾಗ ಆಚಾರ್ಯರಿಗೆ ಆಗುವ ಭಯ, ಆಸೆ, ನಾಚಿಕೆ ಎಲ್ಲವೂ ವಾಕ್ಯಗಳಲ್ಲೇ ಇದೆ. ಅದನ್ನು ಕ್ಯಾಮೆರಾ ಹಿಡಿಯುವುದು ಕಷ್ಟ.

ಹಾಗಾದರೆ 1970ರ ಸಿನಿಮಾ ಯಾಕೆ ನೋಡಬೇಕು? ಅಗ್ರಹಾರಕ್ಕಾಗಿ. ಪಟ್ಟಾಭಿರಾಮ ರೆಡ್ಡಿ ಅವರ ನಿರ್ದೇಶನ, ಆಸ್ಟ್ರೇಲಿಯಾದ ಟಾಮ್ ಕೋವನ್ ಅವರ ಕ್ಯಾಮೆರಾ. ಹೊರಗಿನಿಂದ ಬಂದ ಒಬ್ಬ ಛಾಯಾಗ್ರಾಹಕ ಮಲೆನಾಡಿನ ಆ ಬೀದಿ, ಹಂಚಿನ ಮಾಡು, ಖಾಲಿ ಜಗಲಿಗಳನ್ನು ನಾವು ನೋಡಿ ನೋಡಿ ಗಮನಿಸದೇ ಬಿಟ್ಟ ರೀತಿಯಲ್ಲಿ ನೋಡಿದ್ದಾರೆ. ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಪಿ. ಲಂಕೇಶ್, ನಾರಣಪ್ಪನ ಜೊತೆಗಿದ್ದ ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಮೊದಲು ಸೆನ್ಸಾರ್ ಮಂಡಳಿ ಅನುಮತಿ ನಿರಾಕರಿಸಿತ್ತು. ಆಮೇಲೆ ಬಿಡುಗಡೆಯಾಗಿ ವರ್ಷದ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಸ್ನೇಹಲತಾ ಅವರನ್ನು ತುರ್ತುಪರಿಸ್ಥಿತಿಯಲ್ಲಿ ಜೈಲಿಗೆ ಹಾಕಿದರು. ಬಿಡುಗಡೆಯಾದ ಸ್ವಲ್ಪ ದಿನದಲ್ಲೇ, 1977ರಲ್ಲಿ, ಅವರು ತೀರಿಕೊಂಡರು. ಚಂದ್ರಿಯ ಮುಖ ನೋಡುವಾಗಲೆಲ್ಲ ನನಗೆ ಈ ವಿಷಯ ಮನಸ್ಸಿಗೆ ಬರುತ್ತದೆ.

ಇದಕ್ಕೆ ಉಲ್ಟಾ ಮಾಡಬೇಕಾದ ಪುಸ್ತಕಗಳೂ ಇವೆ. ಆಡುಮಾತು ನಿಮಗೆ ಪರಿಚಯ ಇಲ್ಲದಿದ್ದರೆ ಸಿನಿಮಾ ಮೊದಲು ನೋಡಿ. ಕುಂದಾಪುರದ ಕನ್ನಡ ಕಿವಿಗೆ ಬಿದ್ದಿದ್ದರೆ ವೈದೇಹಿಯವರ ಪುಟಗಳು ತಾವಾಗಿಯೇ ಮಾತಾಡುತ್ತವೆ. ಆ ದೃಷ್ಟಿಯಿಂದ ನೀವು ಮಾಡಿದ ಕ್ರಮ ಸರಿಯಾಗಿಯೇ ಇತ್ತು. ಚಂಪಾ ಶೆಟ್ಟಿ ನಿರ್ದೇಶಿಸಿದ ‘ಅಮ್ಮಚ್ಚಿಯೆಂಬ ನೆನಪು’ ಕೂಡ ವೈದೇಹಿಯವರ ಕಥೆಗಳಿಂದಲೇ ಬಂದದ್ದು. ಅದನ್ನೂ ನೋಡಿ. ಅದರ ಮಾತು ಕೇಳುವುದೇ ಒಂದು ಸುಖ.

ಸಣ್ಣ ಕಥೆಗಳಾದರೆ ಯಾವ ಕ್ರಮವೂ ಆದೀತು. ಒಂದು ಸಂಜೆಯಲ್ಲಿ ಎರಡೂ ಮುಗಿಯುತ್ತದೆ. ‘ಘಟಶ್ರಾದ್ಧ’ವನ್ನು ಹಾಗೆ ಮಾಡಿ ನೋಡಿ. ಇದೂ ಅನಂತಮೂರ್ತಿಯವರ ಕಥೆ. ಕಾಸರವಳ್ಳಿಯವರ ಮೊದಲ ಸಿನಿಮಾ, 1977ರದ್ದು, ಬಂದ ಕೂಡಲೇ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಪಡೆದದ್ದು. ವೇದ ಕಲಿಯಲು ಬಂದ ನಾಣಿ ಎಂಬ ಹುಡುಗ. ಗುರುಗಳ ವಿಧವೆ ಮಗಳು ಯಮುನಕ್ಕ. ಅವಳು ಬಸಿರಾಗಿದ್ದಾಳೆ. ಊರಿಗೆ ಗೊತ್ತಾಗುತ್ತದೆ. ಬದುಕಿರುವವಳಿಗೇ ಶ್ರಾದ್ಧ ಮಾಡಿ ಜಾತಿಯಿಂದ ಹೊರಗೆ ಹಾಕುತ್ತಾರೆ. ಕಥೆಯನ್ನು ಹೇಳುವವನು ನಾಣಿ. ಅವನಿಗೆ ಏನೋ ಆಗುತ್ತಿದೆ ಎಂದು ಗೊತ್ತು, ಏನು ಎಂದು ಪೂರ್ತಿ ಗೊತ್ತಿಲ್ಲ. ದೊಡ್ಡವರಾದ ನಮಗೆ ಅವನಿಗಿಂತ ಮೊದಲೇ ಅರ್ಥವಾಗುತ್ತದೆ. ಆ ಅಂತರದಲ್ಲೇ ಕಥೆಯ ನೋವು ಇರುವುದು.

ಸಿನಿಮಾ ಆ ಅಂತರವನ್ನು ಹೇಗೆ ಉಳಿಸಿಕೊಂಡಿತು ಎಂದು ಗಮನಿಸಿ. ದೊಡ್ಡವರು ಪಿಸುಗುಟ್ಟುವಾಗ ನಾಣಿ ಮರೆಯಲ್ಲಿ ನಿಂತಿರುತ್ತಾನೆ. ಅವನು ನೋಡಿದಷ್ಟೇ, ಕೇಳಿದಷ್ಟೇ ನಮಗೂ ಸಿಗುತ್ತದೆ. ಬಿ.ವಿ. ಕಾರಂತರ ಸಂಗೀತ ಬೇಕಾದಲ್ಲಿ ಮಾತ್ರ ಬರುತ್ತದೆ. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪು ಚಿತ್ರಣದಲ್ಲಿ ಮನೆಯ ಒಳಗಿನ ಕತ್ತಲು ಅಷ್ಟು ದಟ್ಟ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದ ಕೆಳಗೆ ಒಂಟಿಯಾಗಿ ಕೂತ ಯಮುನಕ್ಕನನ್ನು ಊರು ಬಿಟ್ಟು ಹೊರಟ ಹುಡುಗ ನೋಡುತ್ತಾನೆ. ಮೀನಾ ಕುಟ್ಟಪ್ಪ ಆ ದೃಶ್ಯದಲ್ಲಿ ಒಂದು ಮಾತೂ ಆಡುವುದಿಲ್ಲ. ಕನ್ನಡ ಸಿನಿಮಾದಲ್ಲಿ ಇದಕ್ಕಿಂತ ದೊಡ್ಡ ಕೊನೆ ನಾನು ನೋಡಿಲ್ಲ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಇದರ ಹಳೆಯ ಪ್ರತಿಯನ್ನು ಸರಿಪಡಿಸಿದ್ದಾರೆ. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಆ ಪ್ರತಿ ಪ್ರದರ್ಶನವಾಯಿತು. ಚಿತ್ರೋತ್ಸವದಲ್ಲೋ ಫಿಲ್ಮ್ ಸೊಸೈಟಿಯಲ್ಲೋ ಹೊಸ ಪ್ರತಿ ಬಂದರೆ ರಜೆ ಹಾಕಿಯಾದರೂ ಹೋಗಿ. ಮಸುಕಾದ ಪ್ರತಿಯಲ್ಲಿ ಆ ಕತ್ತಲು ಬರೀ ಕತ್ತಲಾಗಿಯೇ ಉಳಿಯುತ್ತದೆ.

ನಿರ್ದೇಶಕ ಒಬ್ಬ ಓದುಗ ಎಂದೆನಲ್ಲ, ಅದಕ್ಕೆ ಇದೇ ಕಥೆಯಲ್ಲಿ ಒಳ್ಳೆಯ ಸಾಕ್ಷಿ ಇದೆ. 1991ರಲ್ಲಿ ಅರುಣ್ ಕೌಲ್ ‘ಘಟಶ್ರಾದ್ಧ’ವನ್ನು ‘ದೀಕ್ಷಾ’ ಎಂದು ಹಿಂದಿಯಲ್ಲಿ ಮಾಡಿದರು. ಅಲ್ಲಿ ನಾನಾ ಪಾಟೇಕರ್ ಮಾಡಿದ ಕೋಗಾ ಎಂಬ ದಲಿತನ ಪಾತ್ರ ಕಥೆಯ ನಡುವಿಗೆ ಬರುತ್ತದೆ. ವಿದ್ಯೆ ಬೇಕು ಎಂದು ಹೊರಗೆ ನಿಂತು ಕಾಯುವವನು ಅವನು. ಒಬ್ಬ ಓದುಗನಿಗೆ ಹುಡುಗನ ಕಣ್ಣು ಮುಖ್ಯವಾಯಿತು, ಇನ್ನೊಬ್ಬ ಓದುಗನಿಗೆ ಅಂಗಳದ ಆಚೆ ನಿಂತವನು ಮುಖ್ಯನಾದ. ಕಥೆ ಇಬ್ಬರಿಗೂ ಜಾಗ ಕೊಟ್ಟಿತು. ಹಾಗೆ ಜಾಗ ಕೊಡುವ ಶಕ್ತಿ ಎಲ್ಲ ಕಥೆಗಳಿಗೂ ಇರುವುದಿಲ್ಲ.

ಸಿನಿಮಾ ಆಗದೇ ಇರಲಿ ಎಂದು ನಾನು ಬಯಸುವ ಪುಸ್ತಕವೂ ಒಂದಿದೆ. ವಿವೇಕ ಶಾನಭಾಗರ ‘ಸಕೀನಾಳ ಮುತ್ತು’. ಇತ್ತೀಚಿನ ಕನ್ನಡ ಕಾದಂಬರಿಗಳಲ್ಲಿ ನನ್ನನ್ನು ಬಹಳ ಕಾಡಿದ್ದು ಇದು. ಬೆಂಗಳೂರಿನ ಒಂದು ಮನೆ. ಗಂಡ ವೆಂಕಟ್, ಹೆಂಡತಿ ವಿಜಿ, ಕಾಲೇಜು ಓದುವ ಮಗಳು ರೇಖಾ. ಒಂದು ದಿನ ಇಬ್ಬರು ಹುಡುಗರು ಬಾಗಿಲು ಬಡಿದು ಮಗಳನ್ನು ಕೇಳುತ್ತಾರೆ. ಅವಳು ಮನೆಯಲ್ಲಿ ಇಲ್ಲ. ಅಲ್ಲಿಂದ ಶುರುವಾಗುತ್ತದೆ. ಕಥೆ ಹೇಳುವವನು ವೆಂಕಟ್. ತಾನು ಬಹಳ ಒಳ್ಳೆಯ ಗಂಡ, ತೆರೆದ ಮನಸ್ಸಿನ ಅಪ್ಪ ಎಂದು ಅವನು ನಂಬಿದ್ದಾನೆ. ಅವನು ಹೇಳುತ್ತಾ ಹೋದ ಹಾಗೆ ಅವನು ಹೇಳದೇ ಬಿಟ್ಟದ್ದು ನಮಗೆ ಕೇಳಿಸತೊಡಗುತ್ತದೆ. ಹೆಂಡತಿಯ ಒಂದು ಮೌನ, ಮಗಳ ಒಂದು ಸಿಡುಕು. ಅವನಿಗೆ ಕಾಣದ್ದು ನಮಗೆ ಕಾಣುತ್ತದೆ. ಇದನ್ನು ಕ್ಯಾಮೆರಾ ಇಟ್ಟು ತೆಗೆದರೆ ಹೆಂಡತಿಯ ಮುಖ ನೇರವಾಗಿ ಕಂಡುಬಿಡುತ್ತದೆ. ಆಗ ಅವನ ಮಾತಿನ ಸಂದಿಯಲ್ಲಿ ಅವಳನ್ನು ಹುಡುಕುವ ಕೆಲಸ ನಮಗೆ ಉಳಿಯುವುದಿಲ್ಲ. ಅದೇ ಕೆಲಸದಲ್ಲಿ ಈ ಪುಸ್ತಕದ ಸುಖ ಇರುವುದು.

ಪುಸ್ತಕದ ಹಂಗಿಲ್ಲದೆ ಬಂದ ಸಿನಿಮಾಗಳಲ್ಲಿ ನನಗೆ ಬಹಳ ಹಿಡಿಸಿದ್ದು ಸುಮಂತ್ ಭಟ್ ಅವರ ‘ಮಿಥ್ಯ’. 2025ರ ಮಾರ್ಚ್‌ನಲ್ಲಿ ಥಿಯೇಟರಿಗೆ ಬಂತು. ಅಪ್ಪ ಅಮ್ಮನನ್ನು ಕಳೆದುಕೊಂಡ ಹನ್ನೊಂದು ವರ್ಷದ ಮಿಥುನ್ ಮುಂಬೈಯಿಂದ ಉಡುಪಿ ಕಡೆಯ ನೆಂಟರ ಮನೆಗೆ ಬರುತ್ತಾನೆ. ಹೊಸ ಮನೆ, ಹೊಸ ಶಾಲೆ, ಹೊಸ ಮಾತು. ಮಕ್ಕಳ ದುಃಖವನ್ನು ಅಳು ತೋರಿಸಿ ಹೇಳುವ ಸಿನಿಮಾಗಳು ಬೇಕಾದಷ್ಟಿವೆ. ಇಲ್ಲಿ ಹುಡುಗ ಅಳುವುದಕ್ಕಿಂತ ಜಾಸ್ತಿ ಸುಮ್ಮನಿರುತ್ತಾನೆ, ಸಿಟ್ಟಾಗುತ್ತಾನೆ. ಆ ಸಿಟ್ಟಿನ ಒಳಗೆ ಏನಿದೆ ಎಂದು ನಮಗೆ ನಾವೇ ತಿಳಿದುಕೊಳ್ಳಬೇಕು. ಅತೀಶ್ ಶೆಟ್ಟಿ ಎಂಬ ಹುಡುಗ ಅದನ್ನು ಎಷ್ಟು ಹದವಾಗಿ ಮಾಡಿದ್ದಾನೆ! ‘ಘಟಶ್ರಾದ್ಧ’ದ ನಾಣಿಯನ್ನು ನೋಡಿದ ಮೇಲೆ ಈ ಮಿಥುನ್‌ನನ್ನು ನೋಡಿ. ದೊಡ್ಡವರ ಪ್ರಪಂಚವನ್ನು ಹುಡುಗನ ಕಣ್ಣಲ್ಲಿ ನೋಡುವ ಕೆಲಸವನ್ನು ಕನ್ನಡ ಸಿನಿಮಾ ಇಂದಿಗೂ ಬಿಟ್ಟಿಲ್ಲ ಎಂದು ಸಂತೋಷವಾಗುತ್ತದೆ.

ಮೈಸೂರಿನ ಚಿದಾನಂದ ಎಸ್. ನಾಯಕ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿದ್ದಾಗ ಮಾಡಿದ ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’ ಎಂಬ ಕಿರುಚಿತ್ರ ಸಿಕ್ಕಿದರೆ ಬಿಡಬೇಡಿ. ಹದಿನಾರು ನಿಮಿಷದ್ದು ಅಷ್ಟೇ. ಅಜ್ಜಿಯೊಬ್ಬಳು ಊರಿನ ಹುಂಜ ಕದ್ದುಬಿಡುತ್ತಾಳೆ, ಬೆಳಗೇ ಆಗುವುದಿಲ್ಲ. ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ ಜನಪದ ಕಥೆಯ ಎಳೆ. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ರಾತ್ರಿಯನ್ನೇ ಅಷ್ಟು ಬಣ್ಣದಲ್ಲಿ ತೋರಿಸಿದ್ದು ನನಗೆ ಬೆರಗು ಹುಟ್ಟಿಸಿತು. ಮಗನ ಜೊತೆಗೆ ನೋಡಿ.

ಮಗನ ವಿಷಯ. ಪುಸ್ತಕ ಆಗುವುದಿಲ್ಲ ಎಂದು ಬೈಯಬೇಡಿ. ಅವನ ಮುಂದೆ ಪುಸ್ತಕ ಇಟ್ಟು ‘ಓದು’ ಎನ್ನುವುದನ್ನು ಸದ್ಯಕ್ಕೆ ನಿಲ್ಲಿಸಿ. ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಬಂದ ‘ಡೇರ್‌ಡೆವಿಲ್ ಮುಸ್ತಫಾ’ ಸಿನಿಮಾ ಹಾಕಿ ಕೊಡಿ. ಶಶಾಂಕ್ ಸೋಗಾಲ್ ನಿರ್ದೇಶನ, 2023ರದ್ದು. ತೇಜಸ್ವಿಯವರ ಅಭಿಮಾನಿಗಳೇ ಹಣ ಸೇರಿಸಿ ಮಾಡಿದ ಸಿನಿಮಾ ಅದು. ಅಬಚೂರಿನ ಕಾಲೇಜಿಗೆ ಮುಸ್ಲಿಂ ಹುಡುಗನೊಬ್ಬ ಸೇರುತ್ತಾನೆ. ತರಗತಿಯಲ್ಲಿ ಅವನೊಬ್ಬನೇ. ಉಳಿದವರು ಅವನನ್ನು ಅನುಮಾನದಿಂದ ನೋಡುತ್ತಾರೆ. ಆಮೇಲೆ ತಂಟೆ, ಜಗಳ, ಕ್ರಿಕೆಟ್, ಗೆಳೆತನ. ಚಿತ್ರಕಥೆ ಪುಸ್ತಕದ ಪುಟ ತಿರುಗಿಸಿದ ಹಾಗೆ ಬಣ್ಣಬಣ್ಣವಾಗಿ ಸಾಗುತ್ತದೆ. ಹನ್ನೆರಡು ವರ್ಷದ ಹುಡುಗ ನಗದೇ ಇರಲಾರ.

ಸಿನಿಮಾ ಮುಗಿದ ಮೇಲೆ ‘ಇದರ ಮೂಲ ಕಥೆ ಕೆಲವೇ ಪುಟ ಇದೆ, ಇಷ್ಟೆಲ್ಲಾ ಅದರಲ್ಲಿ ಇದೆಯೋ ಇಲ್ಲವೋ’ ಎಂದು ಕೇಳಿ ಬಿಟ್ಟುಬಿಡಿ. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿ ಆ ಕಥೆ ಇದೆ. ಯಾವುದನ್ನು ಸೇರಿಸಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂದು ಪತ್ತೆ ಹಚ್ಚುವುದು ಆ ವಯಸ್ಸಿಗೆ ಒಳ್ಳೆಯ ಆಟ. ಶಿಬಿರಗಳಲ್ಲಿ ನಾನು ಶಾಲಾ ಮಕ್ಕಳ ಜೊತೆ ಮಾಡುವುದು ಇದನ್ನೇ. ದೊಡ್ಡವರು ‘ಪುಸ್ತಕವೇ ಚೆನ್ನಾಗಿತ್ತು’ ಎಂದು ಒಂದೇ ಮಾತಲ್ಲಿ ಮುಗಿಸುತ್ತಾರೆ. ಮಕ್ಕಳು ಹಾಗಲ್ಲ. ‘ಇಲ್ಲಿ ಯಾಕೆ ಮಳೆ ಬರಿಸಿದ್ರು?’ ಎಂದು ಕೇಳುತ್ತಾರೆ. ಅಂಥ ಪ್ರಶ್ನೆ ಬಂದರೆ ಉತ್ತರ ಹೇಳಲು ಹೋಗಬೇಡಿ. ‘ನೀನಾಗಿದ್ರೆ ಏನು ಮಾಡ್ತಿದ್ದೆ?’ ಎಂದು ವಾಪಸ್ ಕೇಳಿ.

ಆಮೇಲೆ ‘ಬೆಟ್ಟದ ಹೂವು’ ತೋರಿಸಿ. 1985ರ ಸಿನಿಮಾ, ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ಪುಟ್ಟ ಪುನೀತ್ ರಾಜ್‌ಕುಮಾರ್‌ಗೆ ಬಾಲನಟ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕು ಎಂದು ಕಾಡು ಅಲೆದು ಹೂ ತಂದು ಮಾರಿ ದುಡ್ಡು ಕೂಡಿಡುವ ಬಡ ಹುಡುಗನ ಕಥೆ. ಮೂಲ ಶರ್ಲಿ ಅರೋರಾ ಅವರ ಇಂಗ್ಲಿಷ್ ಕಾದಂಬರಿ. ಅದನ್ನು ಕನ್ನಡಕ್ಕೆ ತರುವಾಗ ಹುಡುಗನ ಕೈಗೆ ಕುವೆಂಪು ಅವರ ಕಾವ್ಯದ ಆಸೆ ಇಟ್ಟರು ನೋಡಿ, ಅದು ನನಗೆ ಬಹಳ ದೊಡ್ಡ ನಿರ್ಧಾರ ಅನ್ನಿಸುತ್ತದೆ. ಒಂದು ಪುಸ್ತಕಕ್ಕಾಗಿ ಇಷ್ಟು ಆಸೆಪಡುವ ಹುಡುಗನನ್ನು ನಿಮ್ಮ ಮಗ ಇನ್ನೆಲ್ಲೂ ನೋಡಿರಲಾರ.

ಕೊನೆಯದಾಗಿ ನಿಮಗೇ ಎಂದು ಒಂದು ಜೋಡಿ. ನೀವು ಶಿವಮೊಗ್ಗದವರು ಎಂದು ಓದಿದ ಕೂಡಲೇ ಇದನ್ನು ಹೇಳಬೇಕು ಎನ್ನಿಸಿತ್ತು. ನಾ. ಡಿಸೋಜ ಅವರ ‘ದ್ವೀಪ’ ಮತ್ತು ಅದರಿಂದ ಕಾಸರವಳ್ಳಿ 2002ರಲ್ಲಿ ಮಾಡಿದ ಸಿನಿಮಾ. ಡಿಸೋಜ ನಿಮ್ಮ ಸಾಗರದವರು. ಶರಾವತಿ ಯೋಜನೆಯ ಕಚೇರಿಯಲ್ಲಿ ಕೆಲಸ ಮಾಡುತ್ತಲೇ ಮುಳುಗಿಹೋದ ಊರುಗಳ ಜನರನ್ನು ಹತ್ತಿರದಿಂದ ಕಂಡವರು. 2025ರ ಜನವರಿಯಲ್ಲಿ ನಮ್ಮನ್ನು ಅಗಲಿದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಊರುಗಳ ಹೆಸರು ಹಿನ್ನೀರಿನೊಳಗೆ ಹೋಯಿತು. ನಿಮ್ಮ ಬ್ಯಾಂಕಿಗೆ ಬರುವ ಹಿರಿಯರಲ್ಲಿ ಆ ಕಡೆಯಿಂದ ಎದ್ದು ಬಂದ ಕುಟುಂಬದವರು ಖಂಡಿತ ಇರುತ್ತಾರೆ.

ಇಲ್ಲ, ಇದರ ಕಥೆ ನಾನು ಹೇಳುವುದಿಲ್ಲ. ಮೊದಲು ಪುಸ್ತಕ ಓದಿ. ಚಿಕ್ಕದು. ಆಮೇಲೆ ಸಿನಿಮಾ ನೋಡಿ. ಸೌಂದರ್ಯ ಅವರೇ ನಿರ್ಮಿಸಿ, ನಾಗಿಯ ಪಾತ್ರ ಮಾಡಿದ್ದಾರೆ. ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣದಲ್ಲಿ ಮಳೆ ಕೊಂಚವೂ ಬಿಡುವುದಿಲ್ಲ. ಏರುವ ನೀರಿನ ನಡುವೆ ಉಳಿದುಹೋದ ಆ ಮನೆಯಲ್ಲಿ ರಾತ್ರಿಯಿಡೀ ಎಚ್ಚರವಿದ್ದು ದುಡಿದವಳು ಯಾರು, ಬೆಳಗಾದ ಮೇಲೆ ಹೆಸರು ಬಂದದ್ದು ಯಾರಿಗೆ ಎಂದು ನೋಡಿ. ಪುಸ್ತಕದ ನಾಗಿಗೂ ಸಿನಿಮಾದ ನಾಗಿಗೂ ಎಲ್ಲಿ ದಾರಿ ಬೇರೆಯಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಡಿಸೋಜರ ಕಣ್ಣು ಯಾರ ಮೇಲೆ ಜಾಸ್ತಿ ನಿಂತಿದೆ, ಕಾಸರವಳ್ಳಿಯವರ ಕಣ್ಣು ಯಾರ ಮೇಲೆ ನಿಂತಿದೆ ಎಂದು ನನಗೆ ಬರೆಯಿರಿ. ನಿಮ್ಮ ಉತ್ತರ ನನ್ನದಕ್ಕಿಂತ ಬೇರೆ ಇದ್ದರೆ ಇನ್ನೂ ಒಳ್ಳೆಯದು. ಅದನ್ನು ಮುಂದಿನ ಶಿಬಿರದಲ್ಲಿ ಮಕ್ಕಳ ಮುಂದೆ ಇಡುತ್ತೇನೆ.